ಗೋಡೆ ಇಲ್ಲ, ಆದ್ರೂ ಬೆಳಕು ಹೊರಗೆ ಹೋಗಲ್ಲ, ಯಾಕೆ?

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ಫಿಸಿಕ್ಸ್ ಓದ್ತಿದೀನಿ. ಸಿಲಿಕಾನ್ ಥರದ ಪಾರದರ್ಶಕ ವಸ್ತುವಿನ ಪುಟಾಣಿ ಬಿಲ್ಲೆಯೊಳಗೆ ಬೆಳಕನ್ನ ಹಿಡಿದಿಡಬಹುದು, ಅದು ಹೊರಗೆ ಸೂಸೋದೇ ಇಲ್ಲ ಅಂತ ಒಂದು ಸೆಮಿನಾರಲ್ಲಿ ಕೇಳಿದೆ. ಸುತ್ತ ಕನ್ನಡಿ ಇಲ್ಲ, ಲೋಹ ಇಲ್ಲ, ಬರೀ ಗಾಳಿ. ಹಾಗಿದ್ರೆ ತಡೀತಿರೋದು ಏನು? ಅನಪೋಲ್, ಬಿಐಸಿ ಅಂತ ಎರಡು ಹೆಸರು ಹೇಳಿದ್ರು, ಎರಡೂ ಒಂದೇನಾ? ಹೊರಗೇ ಬರದ ಬೆಳಕಿಂದ ಯಾರಿಗೆ ಏನು ಉಪಯೋಗ? ಅನಪೋಲ್ ಬಿಲ್ಲೆ ನಿಜವಾಗ್ಲೂ ಕಣ್ಣಿಗೆ ಕಾಣಲ್ವಾ?

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ ಮಾಡ್ಬಿಡ್ತೀನಿ, ಆಮೇಲೆ ಮರೆತುಹೋಗತ್ತೆ. ಸಿಲಿಕಾನ್ ನಮ್ಮ ಕಣ್ಣಿಗೆ ಪಾರದರ್ಶಕ ಅಲ್ಲ, ಬೂದು ಬಣ್ಣದ ಹೊಳೆಯೋ ತಗಡಿನ ಥರ ಕಾಣತ್ತೆ. ಸುಮಾರು 1.1 ಮೈಕ್ರಾನ್ ದಾಟಿದ ಇನ್ಫ್ರಾರೆಡ್ ಬೆಳಕಿಗೆ ಮಾತ್ರ ಅದು ಗಾಜು. ಫೈಬರ್ ಕೇಬಲ್‌ನಲ್ಲಿ ಓಡೋ 1550 ನ್ಯಾನೋಮೀಟರ್ ಬೆಳಕಿಗೆ ಅದರ ರಿಫ್ರಾಕ್ಟಿವ್ ಇಂಡೆಕ್ಸ್ ಹೆಚ್ಚುಕಮ್ಮಿ 3.5, ಅಂದ್ರೆ ಅದೇ ಬೆಳಕು ಸಿಲಿಕಾನ್ ಒಳಗೆ ಹೋದ್ರೆ ಅಲೆಯ ಉದ್ದ 440 ನ್ಯಾನೋಮೀಟರ್ ಆಸುಪಾಸಿಗೆ ಕುಗ್ಗತ್ತೆ. ಈ ಕುಗ್ಗೋದೇ ಇಡೀ ಆಟದ ಬಂಡವಾಳ. ಅರ್ಧ ಮೈಕ್ರಾನ್ ಅಗಲದ ಬಿಲ್ಲೆಯೊಳಗೂ ಒಂದು ಪೂರ್ತಿ ಅಲೆ ಹಿಡಿಯೋಷ್ಟು ಜಾಗ ಸಿಗತ್ತೆ, ಆ ಜಾಗದಲ್ಲಿ ಅದು ಒಂದಕ್ಕಿಂತ ಹೆಚ್ಚು ರೀತಿ ಆಡಬಹುದು, ಒಂದಕ್ಕಿಂತ ಹೆಚ್ಚು ರೀತಿ ಆಡಬಹುದು ಅಂದ್ರೆ ಒಂದು ಇನ್ನೊಂದನ್ನ ಹೊಡೆದುಹಾಕೋಕೂ ಆಗತ್ತೆ. ಚಿನ್ನ ಬೆಳ್ಳಿ ಬೆಳಕನ್ನ ಇನ್ನೂ ಚಿಕ್ಕ ಜಾಗಕ್ಕೆ ಒತ್ತತ್ತೆ ನಿಜ, ಆದ್ರೆ ಒತ್ತಿದ್ದರಲ್ಲಿ ತುಂಬಾ ಭಾಗ ಬಿಸಿಯಾಗಿ ಹೋಗ್ಬಿಡತ್ತೆ. ಅದಕ್ಕೇ ಕಳೆದ ಹತ್ತು ಹದಿನೈದು ವರ್ಷದಲ್ಲಿ ಜನ ಲೋಹ ಬಿಟ್ಟು ಡೈಎಲೆಕ್ಟ್ರಿಕ್ (ಸಿಲಿಕಾನ್ ಥರ, ಲೋಹ ಅಲ್ಲದ, ಬೆಳಕನ್ನ ಅಷ್ಟಾಗಿ ಹೀರದ ವಸ್ತು) ಕಡೆ ಬಂದ್ರು.

ಈಗ ನಿಮ್ಮ ಮೊದಲನೇ ಪ್ರಶ್ನೆ, ತಡೀತಿರೋದು ಏನು ಅನ್ನೋದು. ತಡೀತಿರೋದು ಏನೂ ಇಲ್ಲ. ನೀವು ಗೋಡೆ ಹುಡುಕ್ತಿದೀರಿ, ಅಲ್ಲೇ ಎಡವೋದು. ಬೆಳಕು ಹೊರಡತ್ತೆ, ಬಿಲ್ಲೆಯ ಬೇರೆ ಬೇರೆ ಭಾಗದಿಂದ ಹೊರಡತ್ತೆ, ಆದ್ರೆ ಹೊರಟ ಅಲೆಗಳೆಲ್ಲ ಹೊರಗೆ ಸೇರೋ ಹೊತ್ತಿಗೆ ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಮೊತ್ತ ಸೊನ್ನೆ ಆಗತ್ತೆ. ಮೊತ್ತ ಸೊನ್ನೆ ಅಂದ್ರೆ ಹೊರಗೆ ಶಕ್ತಿ ಹೋಗ್ತಿಲ್ಲ ಅಂತಾನೇ ಅರ್ಥ. ಹೋಗಿ ಆಮೇಲೆ ಎಲ್ಲೋ ನಾಶ ಆಯ್ತು ಅಂತ ಅಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೋತಾರೆ.

ಇದೇನು ಹೊಸ ನ್ಯಾನೋ ಕಾಲದ ಮ್ಯಾಜಿಕ್ಕೂ ಅಲ್ಲ. ಬಿಎಸ್ಸಿಯಲ್ಲಿ ನಮಗೆಲ್ಲ ಹೇಳಿಕೊಡ್ತಾರೆ, ವೇಗ ಬದಲಾಗ್ತಿರೋ ಚಾರ್ಜ್ ರೇಡಿಯೇಟ್ ಮಾಡ್ಲೇಬೇಕು ಅಂತ. ಒಂದೇ ಒಂದು ಬಿಂದು ಚಾರ್ಜಿಗೆ ಅದು ಸರಿ. ಆದ್ರೆ 1910ರಲ್ಲೇ ಪಾಲ್ ಎರನ್‌ಫೆಸ್ಟ್ ತೋರಿಸಿದ್ರು, ಹರಡಿಕೊಂಡ ಚಾರ್ಜಿಗೆ ಆ ಕಟ್ಟುಪಾಡು ಇಲ್ಲ ಅಂತ. ಸುಲಭದ ಉದಾಹರಣೆ ಬೇಕಂದ್ರೆ, ಒಂದು ಬಲೂನಿನ ಮೈತುಂಬ ಒಂದೇ ಸಮ ಚಾರ್ಜ್ ಹಚ್ಚಿ, ಅದು ಗುಂಡಗೇ ಇದ್ದು ಉಬ್ಬತಾ ಕುಗ್ಗತಾ ಇರ್ಲಿ. ಪ್ರತಿ ಚಾರ್ಜೂ ಅಲುಗಾಡ್ತಿದೆ, ಆದ್ರೆ ಹೊರಗೆ ಒಂದು ಚೂರೂ ರೇಡಿಯೇಷನ್ ಇಲ್ಲ, ಯಾಕಂದ್ರೆ ಯಾವ ದಿಕ್ಕಿಗೆ ನೋಡಿದ್ರೂ ಒಂದೇ ಥರ ಇರೋ ಬಲೂನು ಅಡ್ಡ ಅಲೆಯನ್ನ ಯಾವ ಕಡೆಗೆ ವಾಲಿಸಿ ಕಳಿಸತ್ತೆ ಹೇಳಿ? ಆರಿಸಿಕೊಳ್ಳೋಕೆ ದಿಕ್ಕೇ ಇಲ್ಲ. ಆಮೇಲೆ 1933ರಲ್ಲಿ ಜಾರ್ಜ್ ಶಾಟ್ ಚಾರ್ಜ್ ಇರೋ ಚಿಪ್ಪಿನಂಥ ಗೋಳವನ್ನ ಸುತ್ತಿಸಿ, ಗೋಳದ ವ್ಯಾಸ ಮತ್ತು ಸುತ್ತೋ ಅವಧಿ ಸರಿಯಾಗಿ ಹೊಂದಿದ್ರೆ ಅದೂ ಸೂಸಲ್ಲ ಅಂತ ಲೆಕ್ಕ ಮಾಡಿ ತೋರಿಸಿದ್ರು. ಈ ಎರಡು ಉದಾಹರಣೆ ನೆನಪಿಟ್ಟುಕೊಳ್ಳಿ. ಒಂದರಲ್ಲಿ ಸಿಮೆಟ್ರಿ ಕೆಲಸ ಮಾಡ್ತಿದೆ, ಇನ್ನೊಂದರಲ್ಲಿ ಅಳತೆ ಹೊಂದಿಸಿದ್ದು ಕೆಲಸ ಮಾಡ್ತಿದೆ. ಮುಂದೆ ಬರೋದೆಲ್ಲ ಇವೆರಡರ ಮೊಮ್ಮಕ್ಕಳೇ.

ಅನಪೋಲ್ ಅನ್ನೋ ಹೆಸರು ನ್ಯೂಕ್ಲಿಯರ್ ಫಿಸಿಕ್ಸಿಂದ ಬಂದಿದ್ದು. 1950ರ ದಶಕದ ಕೊನೇಲಿ ಯಾಕೋವ್ ಝೆಲ್ಡೊವಿಚ್ ಕಣಗಳ ಪ್ಯಾರಿಟಿ (ಎಡ ಬಲದ ಕನ್ನಡಿ ಸಮತೆ) ಮುರಿಯೋ ವಿಷಯ ಬರೀತಾ ಡೋನಟ್ ಮೇಲೆ ತಂತಿ ಸುತ್ತಿದಂಥ ಒಂದು ಕರೆಂಟ್ ವಿನ್ಯಾಸ ಹೇಳಿದ್ರು, ಧ್ರುವ ಇಲ್ಲದ್ದು ಅನ್ನೋ ಅರ್ಥದಲ್ಲಿ ಅನಪೋಲ್. ಅದು ಸ್ಥಿರವಾದ ಕರೆಂಟ್. 1997ರಲ್ಲಿ ಸೀಸಿಯಂ ನ್ಯೂಕ್ಲಿಯಸ್‌ನಲ್ಲಿ ಅದನ್ನ ಅಳೆದೂ ಆಯ್ತು. ಆಪ್ಟಿಕ್ಸ್‌ನವರು ಎತ್ತಿಕೊಂಡಿದ್ದು ಇದರ ಅಲುಗಾಡೋ ತಮ್ಮನನ್ನ. 2013ರಲ್ಲಿ ಪುಟ್ಟ ತುಣುಕುಗಳನ್ನ ಜೋಡಿಸಿ ಕಟ್ಟಿದ ಮೈಕ್ರೋವೇವ್ ಮೆಟಾಮೆಟೀರಿಯಲ್‌ನಲ್ಲಿ ತೋರಿಸಿದ್ರು, 2015ರಲ್ಲಿ ಮಿರೋಶ್ನಿಚೆಂಕೊ ಮತ್ತು ಜೊತೆಗಾರರು ಕಣ್ಣಿಗೆ ಕಾಣೋ ಬೆಳಕಲ್ಲೇ, ಒಂದೊಂದೇ ಸಿಲಿಕಾನ್ ಬಿಲ್ಲೆಯಲ್ಲಿ ತೋರಿಸಿದ್ರು. ಕಾಣೋ ಬೆಳಕನ್ನ ಸಿಲಿಕಾನ್ ಹೀರತ್ತಲ್ಲ ಅಂತ ಕೇಳಬಹುದು, ಹೀರತ್ತೆ, ಆದ್ರೆ ಕೆಂಪು ಬಣ್ಣಕ್ಕೆ, 50 ನ್ಯಾನೋಮೀಟರ್ ದಪ್ಪಕ್ಕೆ, ಅದು ತೀರಾ ತಲೆ ಕೆಡಿಸೋಷ್ಟಲ್ಲ.

ಆ ಬಿಲ್ಲೆಯೊಳಗೆ ಏನಾಗ್ತಿದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಇಲ್ಲಾಂದ್ರೆ ಬರೀ ಹೆಸರುಗಳಾಗತ್ತೆ. ಮೇಲಿಂದ ನೇರವಾಗಿ ಬೆಳಕು ಬೀಳ್ತಿದೆ ಅನ್ಕೊಳ್ಳಿ, ಅದರ ಎಲೆಕ್ಟ್ರಿಕ್ ಫೀಲ್ಡ್ ಎಡದಿಂದ ಬಲಕ್ಕೆ ತೂಗಾಡ್ತಿದೆ. ಬಿಲ್ಲೆ ತುಂಬಾ ಸಣ್ಣದಿದ್ರೆ ಒಳಗಿನ ಫೀಲ್ಡ್ ಎಲ್ಲ ಕಡೆ ಒಟ್ಟಿಗೆ ಅದೇ ದಿಕ್ಕಿಗೆ ತೂಗತ್ತೆ, ಇದು ಮಾಮೂಲಿ ಡೈಪೋಲ್, ಅಂದ್ರೆ ಒಂದು ತುದಿ ಪ್ಲಸ್ ಇನ್ನೊಂದು ಮೈನಸ್ ಆಗಿ ತೂಗೋ ಜೋಡಿ, ಚೆನ್ನಾಗಿ ಸೂಸತ್ತೆ. ದಪ್ಪ ಹಾಗೇ ಇಟ್ಟು ಅಗಲ ಮಾತ್ರ ಹೆಚ್ಚಿಸ್ತಾ ಹೋಗಿ. ಒಂದು ಹಂತದಲ್ಲಿ ನಡುವೆ ಫೀಲ್ಡ್ ಬಲಕ್ಕೆ ಹೋಗ್ತಿದ್ರೆ ಎರಡು ಪಕ್ಕದಲ್ಲಿ ವಾಪಸ್ ಎಡಕ್ಕೆ ತಿರುಗೋಕೆ ಶುರು ಆಗತ್ತೆ, ಎರಡು ಸುಳಿ ಅಕ್ಕಪಕ್ಕ ಕೂತ ಹಾಗೆ, ಇಂಗ್ಲಿಷ್ ಎಂಟರ ಆಕಾರ. ಒಂದು ಸುಳಿ ಬಲಗೈ ಸುತ್ತು, ಇನ್ನೊಂದು ಎಡಗೈ ಸುತ್ತು, ಮ್ಯಾಗ್ನೆಟಿಕ್ ಫೀಲ್ಡ್ ಒಂದರಲ್ಲಿ ಮೇಲೆದ್ದು ಇನ್ನೊಂದರಲ್ಲಿ ಕೆಳಗಿಳಿದು ಉಂಗುರ ಕಟ್ಟತ್ತೆ. ಇದಕ್ಕೇ ಟೊರಾಯ್ಡಲ್ ಡೈಪೋಲ್ ಅನ್ನೋದು. ಸ್ವಾರಸ್ಯ ಏನಂದ್ರೆ ದೂರದಲ್ಲಿ ನಿಂತು ನೋಡಿದ್ರೆ ಮಾಮೂಲಿ ಡೈಪೋಲ್ ಸೂಸೋ ವಿನ್ಯಾಸಕ್ಕೂ ಟೊರಾಯ್ಡಲ್ ಡೈಪೋಲ್ ಸೂಸೋ ವಿನ್ಯಾಸಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ, ಎಲ್ಲ ದಿಕ್ಕಲ್ಲೂ ಒಂದೇ. ಹಾಗಾಗಿ ಒಂದು ಬಣ್ಣದಲ್ಲಿ ಎರಡರ ಜೋರು ಸಮ ಆಗಿ, ಹೆಜ್ಜೆ ಸರಿಯಾಗಿ ಉಲ್ಟಾ ಬಿದ್ರೆ, ಎಲ್ಲ ದಿಕ್ಕಲ್ಲೂ ಒಂದೇ ಸಲ ಹೊಡೆದುಹೋಗತ್ತೆ. ಒಳಗೆ ಫೀಲ್ಡ್ ಜೋರಾಗಿದೆ, ಹೊರಗೆ ಸದ್ದಿಲ್ಲ.

ಗುಂಡನೆ ಗೋಳದಲ್ಲೂ ಇದು ಆಗತ್ತೆ, ಆದ್ರೆ ಅಲ್ಲಿ ಅದೇ ಬಣ್ಣಕ್ಕೆ ಮ್ಯಾಗ್ನೆಟಿಕ್ ಡೈಪೋಲೂ ಕ್ವಾಡ್ರುಪೋಲೂ (ಇನ್ನಷ್ಟು ಜಟಿಲವಾಗಿ ತೂಗೋ ವಿನ್ಯಾಸ) ಜೋರಾಗಿ ಸೂಸ್ತಾ ಇರೋದ್ರಿಂದ ಕತ್ತಲೆ ಮುಚ್ಚಿಹೋಗತ್ತೆ. ತೆಳು ಬಿಲ್ಲೆ ಯಾಕೆ ಅಂದ್ರೆ ಇದಕ್ಕೇ. ಇನ್ನೊಂದು, ಟೊರಾಯ್ಡಲ್ ಡೈಪೋಲ್ ಅನ್ನೋದು ಬೇರೆಯೇ ಒಂದು ಜಾತಿ ಅಂತ ಕೆಲವರು ಬರೀತಾರೆ, ನನಗೆ ಅದು ಅಷ್ಟು ಒಪ್ಪಿಗೆ ಇಲ್ಲ. ಎಲೆಕ್ಟ್ರಿಕ್ ಡೈಪೋಲ್‌ನ ಪೂರ್ತಿ ಸೂತ್ರವನ್ನ ಗಾತ್ರದ ಲೆಕ್ಕದಲ್ಲಿ ಬಿಡಿಸಿದ್ರೆ ಸಿಗೋ ಎರಡನೇ ಪದ ಅದು, ಅಷ್ಟೇ. ಅರ್ಥ ಮಾಡ್ಕೊಳ್ಳೋಕೆ ಅನುಕೂಲ, ಅದಕ್ಕೆ ಇಟ್ಕೊಂಡಿದೀವಿ.

ಈಗ ಬಿಐಸಿ. ಬೌಂಡ್ ಸ್ಟೇಟ್ ಇನ್ ದ ಕಂಟಿನ್ಯೂಮ್. ಹೆಸರು ಭಯ ಹುಟ್ಟಿಸತ್ತೆ, ವಿಷಯ ಇಷ್ಟು: ಹೊರಗೆ ಹೋಗೋಕೆ ಬಾಗಿಲು ತೆರೆದೇ ಇದೆ, ಆ ಫ್ರೀಕ್ವೆನ್ಸಿಯಲ್ಲಿ ಹೊರಗೆ ಓಡಾಡೋ ಅಲೆಗಳು ಬೇಕಾದಷ್ಟಿವೆ, ಆದ್ರೂ ಈ ಒಂದು ಮೋಡ್ (ರಚನೆಯೊಳಗೆ ಅಲೆ ತಾನಾಗೇ ಆಡೋ ಒಂದು ರೀತಿ) ಒಳಗೇ ಕೂತಿರತ್ತೆ. 1929ರಲ್ಲಿ ಫಾನ್ ನಾಯ್ಮನ್ ಮತ್ತು ವಿಗ್ನರ್ ಕ್ವಾಂಟಮ್ ಮೆಕಾನಿಕ್ಸ್‌ನಲ್ಲಿ ಒಂದು ವಿಚಿತ್ರ ಪೊಟೆನ್ಷಿಯಲ್ (ಕಣ ಓಡಾಡೋ ಶಕ್ತಿಯ ಏರು ತಗ್ಗು) ಕಟ್ಟಿ ಇಂಥದ್ದು ಸಾಧ್ಯ ಅಂದ್ರು. ಆ ಪೊಟೆನ್ಷಿಯಲ್ ಯಾರ ಕೈಯಲ್ಲೂ ಮಾಡೋಕಾಗೋ ಥರದ್ದಲ್ಲ, ಹಾಗಾಗಿ ದಶಕಗಟ್ಟಲೆ ಅದು ಕುತೂಹಲದ ಕಪಾಟಲ್ಲಿ ಉಳೀತು. 1985ರಲ್ಲಿ ಫ್ರೀಡ್ರಿಖ್ ಮತ್ತು ವಿಂಟ್ಗನ್ ಇನ್ನೊಂದು ದಾರಿ ತೋರಿಸಿದ್ರು, ಎರಡು ರೆಸೊನೆನ್ಸ್ (ಒಂದು ನಿರ್ದಿಷ್ಟ ಬಣ್ಣಕ್ಕೆ ಜೋರಾಗಿ ಮೊಳಗೋ ಮೋಡ್) ಒಂದೇ ಬಾಗಿಲಿಂದ ಸೋರ್ತಿದ್ರೆ ಅವನ್ನ ಹತ್ತಿರ ತಂದಾಗ ಒಂದು ಇಬ್ಬರ ಸೋರಿಕೆಯನ್ನೂ ತಾನೇ ಹೊತ್ಕೊಂಡು ಇನ್ನೊಂದನ್ನ ಸೋರಿಕೆಯಿಂದ ಪೂರ್ತಿ ಬಿಡುಗಡೆ ಮಾಡಿಬಿಡಬಹುದು ಅಂತ. ಬೆಳಕಿಗೆ ಬಂದಿದ್ದು ಮಾತ್ರ ತಡವಾಗಿ, 2008ರಿಂದೀಚೆಗೆ. 2013ರಲ್ಲಿ ಎಂಐಟಿ ತಂಡ ಒಂದು ತೂತು ತೂತಿನ ಸಿಲಿಕಾನ್ ನೈಟ್ರೈಡ್ ಹಾಳೆಯಲ್ಲಿ ಸುಮಾರು 35 ಡಿಗ್ರಿ ವಾಲಿದ ಕೋನದಲ್ಲಿ ಸೋರಿಕೆ ಮಾಯ ಆಗೋದನ್ನ ಅಳೆದು ತೋರಿಸ್ತು, ಅಲ್ಲಿಂದ ಈ ಕ್ಷೇತ್ರ ಹೊತ್ಕೊಂಡು ಉರೀತಿದೆ.

ಸಿಮೆಟ್ರಿಯಿಂದ ಆಗೋ ಬಿಐಸಿ ತುಂಬಾ ಸುಲಭ, ಅದನ್ನೇ ಹಿಡ್ಕೊಳ್ಳಿ. ಒಂದೇ ಥರದ ಸಾವಿರಾರು ಬಿಲ್ಲೆಗಳನ್ನ ಸಾಲು ಸಾಲಾಗಿ ಜೋಡಿಸಿದೀವಿ, ಬಿಲ್ಲೆಯಿಂದ ಬಿಲ್ಲೆಗೆ ಇರೋ ದೂರ ಅಲೆಯ ಉದ್ದಕ್ಕಿಂತ ಕಮ್ಮಿ. ಆಗ ಎಲ್ಲ ಬಿಲ್ಲೆನೂ ಒಂದೇ ಹೆಜ್ಜೆಯಲ್ಲಿ ಕುಣಿದ್ರೆ ಬೆಳಕು ಹೋಗೋಕೆ ದಾರಿ ಒಂದೇ, ನೆಟ್ಟಗೆ ಮೇಲಕ್ಕೆ, ಅಥವಾ ನೆಟ್ಟಗೆ ಕೆಳಕ್ಕೆ. ಈಗ ಪ್ರತಿ ಬಿಲ್ಲೆಯೊಳಗೆ ಎಡಗಡೆ ಫೀಲ್ಡ್ ಒಂದು ದಿಕ್ಕಿಗೂ ಬಲಗಡೆ ಅದರ ವಿರುದ್ಧ ದಿಕ್ಕಿಗೂ ಇದ್ರೆ, ನೆಟ್ಟಗೆ ಮೇಲಿಂದ ನೋಡೋರಿಗೆ ಎರಡೂ ಒಂದೇ ದೂರ, ಮೊತ್ತ ಸೊನ್ನೆ. ಇರೋ ಒಂದೇ ಬಾಗಿಲಲ್ಲಿ ಹೋಗೋ ಹಾಗಿಲ್ಲ, ಬೇರೆ ಬಾಗಿಲಿಲ್ಲ. ಸ್ವಲ್ಪ ವಾರೆಯಾಗಿ ನೋಡಿದ್ರೆ ಎಡ ಬಲಕ್ಕೆ ದೂರದ ವ್ಯತ್ಯಾಸ ಬಂದು ಸೋರಿಕೆ ಶುರು.

ಆ ವಾರೆ ದಿಕ್ಕುಗಳಲ್ಲಿ ಸೋರೋ ಬೆಳಕಿನ ಪೋಲರೈಸೇಷನ್ನನ್ನ (ಫೀಲ್ಡ್ ತೂಗೋ ದಿಕ್ಕನ್ನ) ಒಂದೊಂದೇ ಗೆರೆಯಾಗಿ ಬರೆದ್ರೆ ಒಂದು ಚಂದದ ಚಿತ್ರ ಬರತ್ತೆ, ನಮ್ಮ ತಲೆ ಹಿಂದಿನ ಕೂದಲ ಸುಳಿ ಇದ್ಯಲ್ಲ, ಥೇಟ್ ಹಾಗೆ. ಸುತ್ತ ಎಲ್ಲ ಕಡೆ ಕೂದಲಿಗೆ ಒಂದೊಂದು ದಿಕ್ಕಿದೆ, ನಟ್ಟನಡುವೆ ಮಾತ್ರ ಯಾವ ದಿಕ್ಕು ಅಂತ ಹೇಳೋಕಾಗಲ್ಲ. ದಿಕ್ಕು ಹೇಳೋಕಾಗದ ಕಡೆ ಫೀಲ್ಡ್ ಸೊನ್ನೆ ಇರಲೇಬೇಕು, ಅದೇ ಬಿಐಸಿ. ಇದು ಬರೀ ಹೋಲಿಕೆ ಅಲ್ಲ, 2014ರಲ್ಲಿ ಇದನ್ನ ಟೊಪಾಲಜಿ (ಎಳೆದು ಬಗ್ಗಿಸಿದ್ರೂ ಬದಲಾಗದ ಗುಣಗಳ ಗಣಿತ) ಲೆಕ್ಕದಲ್ಲಿ ಬರೆದು ತೋರಿಸಿದ್ರು. ಸುಳಿಯನ್ನ ಬಾಚಣಿಗೆಯಿಂದ ಆಚೆ ಈಚೆ ಸರಿಸಬಹುದು, ಸುಮ್ಮನೆ ಅಳಿಸೋಕಾಗಲ್ಲ, ಹಾಗೇ ಎಂಐಟಿಯವರ 35 ಡಿಗ್ರಿ ಥರದ ಬಿಐಸಿಗೂ ತೂತಿನ ಅಳತೆ ಸ್ವಲ್ಪ ಬದಲಾಯಿಸಿದ್ರೆ ಕೋನ ಜರುಗತ್ತೆ, ಸಾಯಲ್ಲ.

ಹಾಗಾದ್ರೆ ಎರಡೂ ಒಂದೇನಾ? ಅಲ್ಲ. ಇದನ್ನ ಸ್ಪಷ್ಟವಾಗಿ ಹೇಳೋರು ಕಮ್ಮಿ, ಪೇಪರ್‌ಗಳಲ್ಲೂ ಕಲಸುಮೇಲೋಗರ ಮಾಡ್ತಾರೆ. ಬಿಐಸಿ ಅನ್ನೋದು ಆ ರಚನೆಯ ಸ್ವಂತ ಮೋಡ್. ಹೊರಗಿನ ಬೆಳಕು ಆರಿಸಿದ್ರೂ ಅದು ತನ್ನ ಪಾಡಿಗೆ ಮೊಳಗ್ತಾ ಇರತ್ತೆ, ತಾತ್ವಿಕವಾಗಿ ಕೊನೆಯಿಲ್ಲದೆ. ಅನಪೋಲ್ ಸ್ವಂತ ಮೋಡ್ ಅಲ್ಲ. ಹೊರಗಿಂದ ಒಂದು ನಿರ್ದಿಷ್ಟ ಬೆಳಕು ಬಂದು ಒತ್ತುತ್ತಾ ಇರೋವರೆಗೆ ಮಾತ್ರ ಒಳಗಿನ ಎರಡು ಮೂರು ಮೋಡ್‌ಗಳು ಸಮತೂಕದಲ್ಲಿ ನಿಂತು ಚದುರಿಕೆ ಸೊನ್ನೆ ಆಗಿರತ್ತೆ. ಲೇಸರ್ ಆಫ್ ಮಾಡಿ, ಸಮತೂಕ ತಪ್ಪತ್ತೆ, ಒಳಗಿದ್ದದ್ದೆಲ್ಲ ಕೆಲವು ಫೆಮ್ಟೋಸೆಕೆಂಡಲ್ಲಿ (ಪೈಕೋಸೆಕೆಂಡ್ ಅಂದ್ರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ, ಫೆಮ್ಟೋ ಅದರ ಸಾವಿರದಲ್ಲಿ ಒಂದು) ಹೊರಗೆ ಚೆಲ್ಲಿಹೋಗತ್ತೆ. ಒಂದು ಚದುರಿಸದೇ ಇರೋ ಸ್ಥಿತಿ, ಇನ್ನೊಂದು ಸೋರದೇ ಇರೋ ಸ್ಥಿತಿ. ಎರಡಕ್ಕೂ ಹೊರಗಿನ ಕತ್ತಲೆ ಒಂದೇ ಥರ ಕಾಣೋದ್ರಿಂದ ಅಣ್ಣತಮ್ಮ ಅನ್ಸತ್ತೆ.

ಇದರಿಂದ ಒಂದು ಪರಿಣಾಮ ಇದೆ, ನಿಮ್ಮ ಮೂರನೇ ಪ್ರಶ್ನೆಗೆ ಅದೇ ಬೇರು. ಹೊರಗೆ ಸೋರದೇ ಇರೋ ಮೋಡಿಗೆ ಹೊರಗಿಂದ ಬೆಳಕು ತುಂಬೋಕೂ ಆಗಲ್ಲ. ಬೆಳಕಿನ ದಾರಿ ಎರಡೂ ಕಡೆಗೆ ಒಂದೇ, ಹೋಗೋಕೆ ಮುಚ್ಚಿದ್ರೆ ಬರೋಕೂ ಮುಚ್ಚಿದ ಹಾಗೆ. ಪರಿಪೂರ್ಣ ಬಿಐಸಿ ಅಂದ್ರೆ ಇದೆ ಅಂತ ಹೊರಗಿಂದ ಗೊತ್ತೂ ಆಗದ ಒಂದು ಮೋಡ್. ಇದು ನನಗೆ ತಲೆಗೆ ಹೋಗಿದ್ದು ಪುಸ್ತಕದಿಂದ ಅಲ್ಲ, ಒಂದು ಸಿಮ್ಯುಲೇಷನ್ ಮುಂದೆ ಎರಡು ದಿನ ಹಾಳು ಮಾಡ್ಕೊಂಡ ಮೇಲೆ. ಜೋಡಿ ಜೋಡಿ ಅಂಡಾಕಾರದ ಸಿಲಿಕಾನ್ ಕಡ್ಡಿಗಳು, ಪ್ರತಿ ಜೋಡಿಯಲ್ಲಿ ಒಂದು ಎಡಕ್ಕೆ ವಾಲಿದ್ರೆ ಇನ್ನೊಂದು ಬಲಕ್ಕೆ, ಈ ಕ್ಷೇತ್ರದಲ್ಲಿ ತೀರಾ ಮಾಮೂಲಿ ವಿನ್ಯಾಸ ಅದು. ವಾಲಿಕೆ 20 ಡಿಗ್ರಿ ಇಟ್ಟೆ, ಸ್ಪೆಕ್ಟ್ರಮ್‌ನಲ್ಲಿ ದಪ್ಪಗೊಂದು ಶಿಖರ ಬಂತು. 10 ಮಾಡಿದೆ, ಶಿಖರ ಸಣ್ಣಗಾಯ್ತು. 5 ಮಾಡಿದೆ, ಸೂಜಿ ಆಯ್ತು. ಉತ್ಸಾಹದಲ್ಲಿ 0 ಮಾಡಿದೆ, ಸಮತಟ್ಟು ಗೆರೆ, ಏನೂ ಇಲ್ಲ! ಕೋಡ್ ಕೆಟ್ಟಿದೆ ಅಂತ ಮೆಶ್ ಬದಲಾಯಿಸಿದೆ, ಬೌಂಡರಿ ಬದಲಾಯಿಸಿದೆ, ಬೈದೆ. ಕೊನೆಗೆ ಹೊರಗಿನ ಬೆಳಕು ತೆಗೆದು ಕಡ್ಡಿಯ ಒಳಗೇ ಒಂದು ಪುಟ್ಟ ಡೈಪೋಲ್ ಇಟ್ಟು ಓಡಿಸಿದ್ರೆ ಮೋಡ್ ಅಲ್ಲೇ ಇತ್ತು, ನಿಲ್ಲಿಸೋವರೆಗೂ ಮೊಳಗ್ತಾ ಇತ್ತು. ಹೊರಗಿಂದ ಬಾಗಿಲು ತಟ್ತಿದ್ದೆ, ಬಾಗಿಲೇ ಇರಲಿಲ್ಲ. (ನೀವು ಟೈಮ್ ಡೊಮೈನ್ ಸಿಮ್ಯುಲೇಷನ್ ಮಾಡೋರಾದ್ರೆ ಒಂದು ಮಾತು, ಬೆಳಕು ಆರೋ ಮೊದಲೇ ಓಟ ನಿಲ್ಲಿಸಿದ್ರೆ ಸ್ಪೆಕ್ಟ್ರಮ್ ತುಂಬ ಸಣ್ಣ ಸಣ್ಣ ಅಲೆ ಏಳತ್ತೆ, ಅದನ್ನ ಹೊಸ ರೆಸೊನೆನ್ಸ್ ಅಂತ ತಿಳ್ಕೊಂಡು ಗೈಡ್ ಹತ್ರ ಓಡಬೇಡಿ.)

ಹಾಗಾಗಿ ನನ್ನ ಪ್ರಕಾರ ಈ ವಿಷಯದ ತಿರುಳು ಬೆಳಕನ್ನ ಪೂರ್ತಿ ಬಂಧಿಸೋದರಲ್ಲಿ ಇಲ್ಲ, ಸೋರಿಕೆಯ ನಲ್ಲಿ ನಮ್ಮ ಕೈಗೆ ಸಿಕ್ಕಿದೆ ಅನ್ನೋದರಲ್ಲಿ ಇದೆ. 2018ರಲ್ಲಿ ಕೊಶೆಲೆವ್ ಮತ್ತು ಜೊತೆಗಾರರು ಬರೆದ ನಿಯಮ ಇಷ್ಟು ಸರಳ: ಸಿಮೆಟ್ರಿಯನ್ನ ಎಷ್ಟು ಕೆಡಿಸಿದೀವೋ ಅದರ ವರ್ಗಕ್ಕೆ ವಿಲೋಮವಾಗಿ ಕ್ಯೂ ಫ್ಯಾಕ್ಟರ್ (ಬೆಳಕು ಒಳಗೆ ಎಷ್ಟು ಹೊತ್ತು ನಿಲ್ಲತ್ತೆ ಅನ್ನೋದರ ಅಳತೆ) ಬದಲಾಗತ್ತೆ. ನನ್ನ ಅಂಡಾಕಾರದ ಕಡ್ಡಿಗಳಲ್ಲಿ ವಾಲಿಕೆ ಅರ್ಧ ಮಾಡಿದ್ರೆ ಕ್ಯೂ ಸುಮಾರು ನಾಲ್ಕು ಪಟ್ಟು. 20 ಡಿಗ್ರಿಗೆ ಕ್ಯೂ 100 ಇದ್ರೆ 10ಕ್ಕೆ 390 ಹತ್ರ, 5ಕ್ಕೆ 1500 ದಾಟತ್ತೆ. ಪೂರ್ತಿ ಮುಚ್ಚದ ಈ ಸ್ಥಿತಿಗೆ ಕ್ವಾಸಿ ಬಿಐಸಿ ಅಂತಾರೆ, ನಿಜವಾದ ಪ್ರಯೋಗಗಳಲ್ಲಿ ಅಳೆಯೋದೆಲ್ಲ ಇದನ್ನೇ. ಒಂಟಿ ಬಿಲ್ಲೆಯಲ್ಲಂತೂ ಪರಿಪೂರ್ಣ ಬಿಐಸಿ ಮಾಮೂಲಿ ವಸ್ತುವಿನಿಂದ ಸಾಧ್ಯವೇ ಇಲ್ಲ, ಸುತ್ತ ಎಲ್ಲ ದಿಕ್ಕಿಗೂ ಬಾಗಿಲಿರತ್ತೆ, ಅಷ್ಟನ್ನೂ ಒಟ್ಟಿಗೆ ಮುಚ್ಚೋಕಾಗಲ್ಲ. ಫ್ರೀಡ್ರಿಖ್ ವಿಂಟ್ಗನ್ ದಾರಿ ಹಿಡಿದು ಬಿಲ್ಲೆಯ ಅಗಲ ಎತ್ತರದ ಅನುಪಾತ ಹೊಂದಿಸಿದ್ರೆ ಕ್ಯೂ ನೂರಿನ್ನೂರರವರೆಗೆ ಏರತ್ತೆ, ಅಲೆಯ ಉದ್ದಕ್ಕಿಂತ ಚಿಕ್ಕದಾದ ಒಂಟಿ ಚೂರಿಗೆ ಅದೇ ದೊಡ್ಡದು.

ಕ್ಯೂ ಅಂದ್ರೆ ಏನು ಅಂತ ಅಂದಾಜು ಸಿಗ್ಲಿ ಅಂತ ಒಂದು ಲೆಕ್ಕ. 1550 ನ್ಯಾನೋಮೀಟರ್ ಬೆಳಕಿಗೆ ಕ್ಯೂ 100 ಇದ್ರೆ ಬೆಳಕು ಒಳಗೆ ನಿಲ್ಲೋದು ಸುಮಾರು 80 ಫೆಮ್ಟೋಸೆಕೆಂಡ್. ಕ್ಯೂ ಒಂದು ಲಕ್ಷ ಇದ್ರೆ 80 ಪೈಕೋಸೆಕೆಂಡ್, ಅಷ್ಟರಲ್ಲಿ ಖಾಲಿ ಜಾಗದಲ್ಲಿ ಬೆಳಕು ಎರಡೂವರೆ ಸೆಂಟಿಮೀಟರ್ ಹೋಗಿರತ್ತೆ. ಕೇಳೋಕೆ ಏನೂ ಅಲ್ಲ ಅನ್ಸಬಹುದು, ಆದ್ರೆ ಅಷ್ಟು ದೂರದ ಓಡಾಟವನ್ನ ಅರ್ಧ ಮೈಕ್ರಾನ್ ದಪ್ಪದ ಪದರದಲ್ಲಿ ಮಡಚಿ ಇಟ್ಟಿದೀವಿ ಅಂತ ಯೋಚಿಸಿ.

ಹಾಗಂತ ಕ್ಯೂ ಏರಿಸ್ತಾ ಹೋದಷ್ಟೂ ಒಳ್ಳೇದು ಅನ್ಕೋಬೇಡಿ, ಸ್ಟೂಡೆಂಟ್ಸ್ ಬೀಳೋ ಗುಂಡಿ ಇದೇ. ನಿಜವಾದ ಸ್ಯಾಂಪಲ್‌ನಲ್ಲಿ ಬೆಳಕು ಬೇರೆ ರೀತೀಲೂ ಹೋಗತ್ತೆ, ವಸ್ತು ಸ್ವಲ್ಪ ಹೀರತ್ತೆ, ಎಚ್ಚಿಂಗ್ ಮಾಡಿದ (ಕೊರೆದು ತೆಗೆದ) ಗೋಡೆ ತರಿತರಿ ಇರತ್ತೆ, ಬಿಲ್ಲೆಗಳ ಸಾಲು ಎಲ್ಲೋ ಮುಗಿಯತ್ತೆ ಮತ್ತು ಆ ಅಂಚಿಂದ ಸೋರತ್ತೆ. ಈ ಬೇಡದ ನಷ್ಟಗಳೆಲ್ಲ ಸೇರಿ ಕ್ಯೂ 1000ಕ್ಕೆ ಕಟ್ಟಿಹಾಕಿವೆ ಅಂತಿಟ್ಕೊಳ್ಳಿ. ನೀವು ಡಿಸೈನ್‌ನಲ್ಲಿ ರೇಡಿಯೇಷನ್ ಕ್ಯೂ (ಬಾಗಿಲ ಸೋರಿಕೆ ಮಾತ್ರ ಲೆಕ್ಕ ಹಿಡಿದ ಕ್ಯೂ) ಒಂದು ಕೋಟಿ ಮಾಡಿದ್ರೆ ಒಟ್ಟು ಕ್ಯೂ ಆಗೋದು 1000ವೇ, ಆದ್ರೆ ಬಾಗಿಲು ಎಷ್ಟು ಕಿರಿದಾಯ್ತು ಅಂದ್ರೆ ಬಿದ್ದ ಬೆಳಕಲ್ಲಿ ಮೋಡ್ ಸೇರೋದು ಶೇಕಡಾ 0.02 ಮಾತ್ರ. ಅದೇ ರೇಡಿಯೇಷನ್ ಕ್ಯೂನೂ 1000ಕ್ಕೇ ಇಳಿಸಿದ್ರೆ ಶೇಕಡಾ 50 ಒಳಗೆ ಬರತ್ತೆ, ಎರಡು ಕಡೆ ತೆರೆದ ಪದರಕ್ಕೆ ಅದೇ ಗರಿಷ್ಠ. ಒಳಗಿನ ಬೆಳಕಿನ ತೀವ್ರತೆ ಹೋಲಿಸಿದ್ರೆ ಎರಡನೇದು ಮೊದಲನೇದಕ್ಕಿಂತ 2500 ಪಟ್ಟು ಜಾಸ್ತಿ. ಕೆಡಿಸಿದ ಸಿಮೆಟ್ರಿ ಗೆದ್ದಿತು ನೋಡಿ! ಇದಕ್ಕೆ ಕ್ರಿಟಿಕಲ್ ಕಪ್ಲಿಂಗ್ ಅಂತಾರೆ, ಬೇಕಾದ ಸೋರಿಕೆ ಬೇಡದ ನಷ್ಟಕ್ಕೆ ಸಮ ಇರಬೇಕು. ನಿಮ್ಮ ಫ್ಯಾಬ್ರಿಕೇಷನ್ ಎಷ್ಟು ಚೊಕ್ಕ ಇದೆಯೋ ಅಷ್ಟಕ್ಕೆ ತಕ್ಕ ವಾಲಿಕೆ ಇಡಿ, ಅದಕ್ಕಿಂತ ಜಾಣತನ ಬೇಡ.

ಈಗ ಉಪಯೋಗ. ನನಗೆ ಎಲ್ಲಕ್ಕಿಂತ ಇಷ್ಟ ಆಗಿರೋದು ಬಣ್ಣ ಬದಲಾಯಿಸೋ ಕೆಲಸ, ನಾನ್‌ಲೀನಿಯರ್ ಆಪ್ಟಿಕ್ಸ್. ಎರಡು ಇನ್ಫ್ರಾರೆಡ್ ಫೋಟಾನ್ ಸೇರಿ ಅರ್ಧ ಅಲೆಯುದ್ದದ ಒಂದು ಫೋಟಾನ್ ಆಗೋದು ತೀವ್ರತೆಯ ವರ್ಗದ ಮೇಲೆ ನಿಂತಿದೆ, ಮೂರು ಸೇರೋದು ಘನದ ಮೇಲೆ. ಒಳಗಿನ ತೀವ್ರತೆ ಹತ್ತು ಪಟ್ಟಾದ್ರೆ ಇಳುವರಿ ನೂರು ಪಟ್ಟು, ಸಾವಿರ ಪಟ್ಟು. 2016ರಲ್ಲಿ ಜರ್ಮೇನಿಯಂ ಬಿಲ್ಲೆಯಲ್ಲಿ ಅನಪೋಲ್ ಬಳಸಿ ಮೂರನೇ ಹಾರ್ಮೋನಿಕ್ (ಮೂರು ಫೋಟಾನ್ ಸೇರಿ ಆಗೋ ಬೆಳಕು) ತೆಗೆದ್ರು, ಯಾಕಂದ್ರೆ ಅನಪೋಲ್‌ನಲ್ಲಿ ಫೀಲ್ಡ್ ಮೇಲ್ಮೈಲಿ ಇರಲ್ಲ, ವಸ್ತುವಿನ ಹೊಟ್ಟೆಯಲ್ಲಿರತ್ತೆ, ಕೆಲಸ ನಡೆಯೋದೂ ಅಲ್ಲೇ. 2020ರಲ್ಲಿ ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್‌ನ ಒಂದೇ ಒಂದು ಬಿಲ್ಲೆಯಲ್ಲಿ, ಕ್ಯೂ ಸುಮಾರು 190 ಇದ್ದ ಕ್ವಾಸಿ ಬಿಐಸಿ ಬಳಸಿ ಎರಡನೇ ಹಾರ್ಮೋನಿಕ್ ತೆಗೆದ್ರು. ಆ ಪ್ರಯೋಗದಲ್ಲಿ ನನಗೆ ಮೆಚ್ಚುಗೆ ಆಗಿದ್ದು ಬಾಗಿಲು ತೆರೆದ ರೀತಿ. ಮೋಡ್ ಒಳಗೆ ಫೀಲ್ಡ್ ಉಂಗುರದ ಹಾಗೆ ಸುತ್ತತ್ತೆ, ಮಾಮೂಲಿ ಲೇಸರ್ ಬೀಮ್ ಒಂದೇ ದಿಕ್ಕಿಗೆ ತೂಗತ್ತೆ, ಎರಡಕ್ಕೂ ಜಾತಕ ಕೂಡಲ್ಲ. ಅದಕ್ಕೇ ಲೇಸರ್ ಬೀಮನ್ನೇ ಮೊದಲು ಉಂಗುರದ ಥರ ಸುತ್ತೋ ಪೋಲರೈಸೇಷನ್‌ಗೆ ತಿರುಗಿಸಿ ಆಮೇಲೆ ಬಿಲ್ಲೆ ಮೇಲೆ ಬಿಟ್ರು. ಕೀಲಿಗೆ ತಕ್ಕ ಬೀಗ ಮಾಡೋದು ಬಿಟ್ಟು ಬೀಗಕ್ಕೆ ತಕ್ಕ ಕೀಲಿ ಮಾಡ್ಕೊಂಡ ಹಾಗೆ. ಇಲ್ಲೂ ಕ್ಯೂ ಅತಿ ಆದ್ರೆ ನಷ್ಟ, ಕ್ಯೂ ಒಂದು ಲಕ್ಷದ ರೆಸೊನೆನ್ಸ್ 0.015 ನ್ಯಾನೋಮೀಟರ್ ಅಗಲ, ಆದ್ರೆ 100 ಫೆಮ್ಟೋಸೆಕೆಂಡ್ ಪಲ್ಸ್ 30 ನ್ಯಾನೋಮೀಟರ್ ಆಸುಪಾಸು ಹರಡಿರತ್ತೆ, ಪಲ್ಸಿನ ಬಹುಪಾಲು ಬಾಗಿಲ ಹೊರಗೇ ನಿಲ್ಲತ್ತೆ.

ಲೇಸರ್ ವಿಷಯ ಬೇರೆ, ಅಲ್ಲಿ ಬೆಳಕು ಒಳಗೇ ಹುಟ್ಟೋದ್ರಿಂದ ಹೊರಗಿಂದ ತುಂಬೋ ತಲೆನೋವಿಲ್ಲ, ಕ್ಯೂ ಜಾಸ್ತಿ ಇದ್ದಷ್ಟೂ ಲೇಸರ್ ಶುರು ಮಾಡೋದು ಸುಲಭ. 2017ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ತಂಡ ಗಾಳಿಯಲ್ಲಿ ತೂಗುಬಿಟ್ಟ ಸೆಮಿಕಂಡಕ್ಟರ್ ಬಿಲ್ಲೆಗಳ ಜಾಲದಿಂದ, ರೂಮ್ ಟೆಂಪರೇಚರಲ್ಲಿ ಬಿಐಸಿ ಲೇಸರ್ ಮಾಡ್ತು. ಹೊರಬರೋ ಬೀಮಿನ ನಡುವೆ ಕತ್ತಲೆ, ಸುತ್ತ ಉಂಗುರ, ಮೇಲೆ ಹೇಳಿದ ಕೂದಲ ಸುಳಿಯೇ ಬೀಮಾಗಿ ಬರೋದು. 2019ರಲ್ಲಿ ಹಲವು ಬಿಐಸಿಗಳನ್ನ ಸರಿಸಿ ಒಂದೇ ಕಡೆ ಒಟ್ಟುಗೂಡಿಸಿದ್ರೆ ತರಿತರಿ ಗೋಡೆಯಿಂದ ಆಗೋ ಸೋರಿಕೆಯೂ ಕಮ್ಮಿ ಆಗತ್ತೆ ಅಂತ ತೋರಿಸಿ 4,90,000 ಕ್ಯೂ ಅಳೆದ್ರು. ಲೆಕ್ಕ ಅಲ್ಲ, ಅಳತೆ.

ಮೂರನೇದು ಸೆನ್ಸರ್. ಪ್ರೊಟೀನ್‌ನ ಅಮೈಡ್ ಬಂಧಗಳು 6 ಮೈಕ್ರಾನ್ ಆಸುಪಾಸಿನ ಇನ್ಫ್ರಾರೆಡ್ ಹೀರ್ತವೆ, ಆದ್ರೆ ಒಂದೇ ಒಂದು ಅಣುವಿನ ದಪ್ಪದ ಪದರ ಹೀರೋದು ಎಷ್ಟು, ಕಣ್ಣಿಗೆ ಬೀಳಲ್ಲ. 2018ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ತಂಡ ಈಗ ಹೇಳಿದ ವಾಲಿದ ಅಂಡಾಕಾರದ ಜೋಡಿಗಳನ್ನೇ ಸ್ವಲ್ಪ ಸ್ವಲ್ಪ ಬೇರೆ ಅಳತೆಯಲ್ಲಿ 100 ಚೌಕಗಳಾಗಿ ಮಾಡಿ ಒಂದು ಚಿಪ್ ಕಟ್ತು, ಪ್ರತಿ ಚೌಕ ಒಂದೊಂದು ಬಣ್ಣಕ್ಕೆ ಮಾತ್ರ ಮೊಳಗತ್ತೆ. ಪ್ರೊಟೀನ್ ಕೂತ ಮೇಲೆ ಯಾವ ಚೌಕ ಮಂಕಾಯ್ತು ಅಂತ ಫೋಟೋ ತೆಗೆದು ನೋಡಿದ್ರೆ ಆಯ್ತು, ಅಣುವಿನ ಬಾರ್‌ಕೋಡ್, ಸ್ಪೆಕ್ಟ್ರೋಮೀಟರೇ ಬೇಡ. ಇಲ್ಲಿ ಮಾತ್ರ ಅನಪೋಲ್‌ಗಿಂತ ಬಿಐಸಿ ಮೇಲು, ಅಣು ಕೂರೋದು ಮೇಲ್ಮೈಲಿ, ಫೀಲ್ಡೂ ಅಲ್ಲಿ ಸ್ವಲ್ಪ ಹೊರಗೆ ಇಣುಕಬೇಕು.

ಪೋಲಾರಿಟಾನ್ (ಬೆಳಕು ಮತ್ತು ವಸ್ತು ಬೆರೆತ ಕಣ) ಎಲ್ಲ ಒಂದೇ ಸ್ಥಿತಿಗೆ ಸೇರೋ ಕಂಡೆನ್ಸೇಟ್‌ವರೆಗೂ ಇದು ಹೋಗಿದೆ, ಅದನ್ನ ಬರೆಯೋಕೆ ಕೂತ್ರೆ ಇನ್ನೊಂದು ಉತ್ತರ ಆಗತ್ತೆ.

ಕೊನೇ ಪ್ರಶ್ನೆ, ಕಾಣಲ್ವಾ ಅನ್ನೋದು. ಕಾಣತ್ತೆ! ಹೀರಿಕೆ ಒಂಚೂರೂ ಇಲ್ಲದ ಆದರ್ಶ ಬಿಲ್ಲೆ ಕೂಡ ಒಂದೇ ಬಣ್ಣಕ್ಕೆ ಮರೆಯಾಗೋದು, ಬಿಳಿ ಬೆಳಕಿಗಲ್ಲ. ಇನ್ನು ವಸ್ತು ಸ್ವಲ್ಪ ಹೀರಿದ್ರೂ ಚದುರಿಕೆ ಪೂರ್ತಿ ಸೊನ್ನೆ ಆಗೋ ಹಾಗಿಲ್ಲ, ಯಾಕಂದ್ರೆ ಹೀರಿದ್ದಕ್ಕೆ ಹಿಂದೆ ಒಂದು ನೆರಳು ಬೀಳಬೇಕು, ಆ ನೆರಳೂ ಅಲೆಯ ಲೆಕ್ಕದಲ್ಲಿ ಚದುರಿಕೆಯೇ. ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪ್ (ಚದುರಿದ ಬೆಳಕನ್ನ ಮಾತ್ರ ತೋರಿಸೋದು) ಕೆಳಗೆ ಬೇರೆ ಬೇರೆ ಅಗಲದ ಬಿಲ್ಲೆಗಳ ಸಾಲು ಇಟ್ಟು ನೋಡಿದ್ರೆ ಕಪ್ಪು ಹಿನ್ನೆಲೆ ಮೇಲೆ ಪ್ರತಿಯೊಂದೂ ಒಂದೊಂದು ಬಣ್ಣದ ಚುಕ್ಕಿ. ಆ ಚುಕ್ಕಿಯ ಬೆಳಕನ್ನ ಸ್ಪೆಕ್ಟ್ರೋಮೀಟರಿಗೆ ಬಿಟ್ಟಾಗ ಎರಡು ಗುಡ್ಡದ ನಡುವೆ ಒಂದು ಕಣಿವೆ ಕಾಣತ್ತೆ, ಬಿಲ್ಲೆ ಅಗಲ ಆದ ಹಾಗೆ ಕಣಿವೆ ಕೆಂಪಿನ ಕಡೆ ಜರುಗತ್ತೆ. ಅನಪೋಲ್ ಇರೋದು ಆ ಕಣಿವೇಲಿ. ಆದ್ರೆ ಬರೀ ಕಣಿವೆ ನೋಡಿ ಇದು ಅನಪೋಲ್ ಅಂತ ಬರೆದುಬಿಡಬೇಡಿ, ಬೇರೆ ಕಾರಣಕ್ಕೂ ಕಣಿವೆ ಬರತ್ತೆ. ಅದೇ ಬಣ್ಣದಲ್ಲಿ ನಿಯರ್ ಫೀಲ್ಡ್ ಸೂಜಿಯನ್ನ (ಮೇಲ್ಮೈಗೆ ತೀರಾ ಹತ್ತಿರದ ಫೀಲ್ಡ್ ಅಳೆಯೋ ಮೊನೆ) ಬಿಲ್ಲೆ ಮೇಲೆ ಓಡಿಸಿ, ಹೊರಗೆ ಕತ್ತಲೆ ಇರೋವಾಗ್ಲೇ ನಡುವೆ ಫೀಲ್ಡ್ ಜೋರಾಗಿದೆ ಅಂತ ತೋರಿಸಬೇಕು, 2015ರವರು ಮಾಡಿದ್ದೂ ಅದನ್ನೇ.